ಅರ್ಧ ಬೆಲೆಯ ಋತು

ಸೆಪ್ಟೆಂಬರಿನಲ್ಲಿ ಇಲ್ಲಿ ಎಲ್ಲಕ್ಕೂ ಅರ್ಧ ಬೆಲೆ:
ಕೋಣೆಗೆ, ಜೀಪಿಗೆ, ಎರಡು ಜ್ವಾಲಾಮುಖಿಗಳಿಗೆ.
ರಸೀದಿ ಹರಿದು ಕೊಡುವಾಗಲೇ ಕೌಂಟರಿನ ಹುಡುಗ ನಕ್ಕಿದ್ದ.
ಯಾಕೆಂದು ಆಮೇಲೆ ತಿಳಿಯಿತು.

ಊರ ಹೆಸರು ಬಿಹಾಗ್ವಾ.
ರಾತ್ರಿಯ ರಾಗವೊಂದನ್ನು ನೆನೆದು ಬಂದವಳಿಗೆ
ಅಲ್ಲ, ಇದು, ಎಂದು ಎಲೆ ಕಿತ್ತು ತೋರಿಸಿದಳು ಎರ್ಮೆಲಿಂಡಾ.
ಬಾಳೆಯ ತಂಗಿಯಂಥ ಎಲೆ,
ಅನ್ನ ಕಟ್ಟಲು, ತಲೆಗೆ ಹಿಡಿಯಲು.
ಈ ಕಾಲವನ್ನು ಅವರು ಚಳಿಗಾಲ ಎನ್ನುತ್ತಾರೆ.
ಬೆವರು ಒರೆಸಿಕೊಳ್ಳುತ್ತಲೇ ಎನ್ನುತ್ತಾರೆ.

ಒಂದು ಕಡೆ ತೆನೋರಿಯೊ, ಇನ್ನೊಂದು ಕಡೆ ಮಿರಾವಾಯೆಸ್.
ಗೋಡೆಯ ಪೋಸ್ಟರಿನಲ್ಲಿ ಎರಡೂ ಇವೆ, ನೀಲಿ ಆಕಾಶ ಸಮೇತ.
ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ನಿಂತು ಕೇಳುತ್ತೇನೆ: ಎಲ್ಲಿ?
ಅವಳು ಬೆರಳೆತ್ತುವುದಿಲ್ಲ, ಕೈತುಂಬ ಜೋಳದ ಹಿಟ್ಟು.
ತುಟಿ ಮುಂದೆ ಮಾಡಿ ತೋರಿಸುತ್ತಾಳೆ,
ಮುತ್ತು ಕೊಡುವ ಹಾಗೆ, ಆ ಕಡೆಗೆ.
ಆ ಕಡೆ ಒದ್ದೆ ಹತ್ತಿಯ ಮೂಟೆ.
ಒಂಬತ್ತು ದಿನ, ಒಂಬತ್ತು ಮುತ್ತು.
ಬೆಟ್ಟ ಮುಖ ತೋರಿಸಲಿಲ್ಲ.

ಮಳೆ ಬರುವುದು ಒಂದೂವರೆಗೆ.
ಮೊದಲು ಬೆಕ್ಕಿನ ಕೂದಲು. ಹೌದು, ಅದರ ಹೆಸರೇ ಹಾಗೆ,
ಬಿದ್ದದ್ದು ಗೊತ್ತಾಗುವುದಿಲ್ಲ,
ತೋಳಿನ ಮೇಲೆ ಕೈಯಾಡಿಸಿದರೆ ತೇವ.
ಹಗ್ಗದ ಬಟ್ಟೆ ಆಗಲೇ ಎಳೆದುಕೊಳ್ಳಬೇಕು.
ಶಾಲೆಯ ಮಕ್ಕಳು ಪುಸ್ತಕದ ಚೀಲವನ್ನು ಅಂಗಿಯೊಳಗೆ ತೂರಿಸಿ
ಬಸುರಿಯರಂತೆ ಹೊಟ್ಟೆ ಹಿಡಿದು ಓಡುತ್ತಾರೆ.
ಎದುರಂಗಡಿಯ ಎಲ್ಪಿಡಿಯೊ ಮಾತ್ರ
ಬಾಗಿಲಿಗೆ ಕುರ್ಚಿ ಎಳೆದು ಕೂರುತ್ತಾನೆ,
ಬಸ್ಸಿಗೆ ಕಾಯುವವನ ಹಾಗೆ.

ಆಮೇಲೆ ತಗಡಿನ ಸೂರಿನ ಮೇಲೆ
ಯಾರೋ ಲಾರಿಗಟ್ಟಲೆ ಕಡಲೆ ಸುರಿಯುತ್ತಾರೆ,
ಸುರಿಯುತ್ತಲೇ ಇರುತ್ತಾರೆ.

ನನ್ನ ಸ್ಪ್ಯಾನಿಷ್ ಮೂವತ್ತು ಪದ.
ನನ್ನ ಕನ್ನಡ ಅವಳಿಗೆ
ನನ್ನ ಸೀನಿನ ಹಾಗೆ, ನನ್ನದೇ ಒಂದು ಸದ್ದು.
ಬೆಳಿಗ್ಗೆಯೆಲ್ಲ ಕೈಸನ್ನೆ, ನಗು,
ಉಪ್ಪು ಕೇಳಿದರೆ ಸೋಪು.
ಮಳೆ ಹಿಡಿದ ಮೇಲೆ ಆ ತಾಪತ್ರಯವಿಲ್ಲ:
ತಗಡಿನ ಕೆಳಗೆ ಯಾರ ಭಾಷೆಯೂ ಯಾರಿಗೂ ಕೇಳುವುದಿಲ್ಲ.

ಬಟ್ಟೆಯ ಚೀಲದಲ್ಲಿ ಕಾಫಿ ಇಳಿಸಿ
ಎದುರು ಕೂತು ಅವಳೇ ಶುರು ಮಾಡಿದಳು, ಮೂರನೆಯ ದಿನ.
ತುಟಿ ಆಡುತ್ತಿತ್ತು. ನೊಣ ಓಡಿಸುವಂತೆ ಕೈ.
ಒಮ್ಮೆ ಉತ್ತರದ ಕಡೆ ಮುತ್ತು ಚಾಚಿದಳು:
ಅಲ್ಲೊಂದು ನದಿ, ಆಚೆಗೆ ನಿಕರಾಗುವಾ,
ದಾಟಿ ಬಂದದ್ದು ಇವಳು, ಬಾರದೆ ಉಳಿದದ್ದು ಯಾರೋ.
ಇಷ್ಟು ನನ್ನ ಊಹೆ. ಮಿಕ್ಕಿದ್ದು ಮಳೆಗೆ ಹೋಯಿತು.
ಒಂದು ಕಡೆ ನಿಲ್ಲಿಸಿ
ಲೋಟದೊಳಗೆ ನೋಡಿದಳು.
ನಾನೂ ನೋಡಿದೆ, ನನ್ನದರೊಳಗೆ.

ಮರುದಿನ ನಾನು ಹೇಳಿದೆ.
ಅಕ್ಕನಿಗೆ ಹೇಳದ್ದು, ಡಾಕ್ಟರಿಗೆ ಹೇಳದ್ದು,
ಹನ್ನೊಂದು ವರ್ಷ ನಾಲಗೆಯಡಿ
ಮಾತ್ರೆಯಂತೆ ಇಟ್ಟುಕೊಂಡೂ ಕರಗದ್ದು,
ಗಟ್ಟಿಯಾಗಿ, ಕನ್ನಡದಲ್ಲಿ, ಪೂರ್ತಿ ವಾಕ್ಯಗಳಲ್ಲಿ,
ಆ ಹೆಸರು ಸಮೇತ.
ನನಗೇ ಕೇಳಿಸಲಿಲ್ಲ.
ಅವಳು ಸರಿಯಾದ ಜಾಗದಲ್ಲಿ ತಲೆಯಾಡಿಸಿದಳು.
ಒಂದು ಕಡೆ, ತಪ್ಪು ಜಾಗದಲ್ಲಿ, ನಕ್ಕಳು.
ಅಲ್ಲಿ ನಗಬಹುದೆಂದು
ನನಗೆ ಹೊಳೆದೇ ಇರಲಿಲ್ಲ.

ಹೀಗೆ ದಿನ ಬಿಟ್ಟು ದಿನ, ಸರದಿಯಂತೆ.
ಗೋಡೆಯ ಮೇಲೆ ಬೂಜು ಏರಿತು,
ಚಪ್ಪಲಿಗೆ ಹಸಿರು ಮೀಸೆ ಬಂತು,
ಉಪ್ಪಿನ ಡಬ್ಬಿಯಲ್ಲಿ ಉಪ್ಪು ಕೆರೆಯಾಯಿತು.

ಕೊನೆಯ ಮಧ್ಯಾಹ್ನ, ಎಚ್ಚರಿಕೆಯಿಲ್ಲದೆ,
ಕತ್ತರಿ ಹಾಕಿದಂತೆ ಮಳೆ ನಿಂತಿತು.
ನನ್ನ ಅರ್ಧ ವಾಕ್ಯ
ಅಡುಗೆಮನೆಯ ನಡುವೆ ಬೆತ್ತಲೆ ನಿಂತಿತು.
ರಸ್ತೆಯಾಚೆ ಎಲ್ಪಿಡಿಯೊ ಕತ್ತು ತಿರುಗಿಸಿದ.
ಸೂರಿನಂಚಿನಿಂದ ಒಂದು ಹನಿ, ಮತ್ತೊಂದು.
ಕಿವಿಯವರೆಗೆ ಬಿಸಿಯೇರಿ ನಾನು ಲೋಟ ಎತ್ತಿಕೊಂಡೆ.

ಎರ್ಮೆಲಿಂಡಾ ಎದ್ದಳು.
ತಗಡಿನ ಬೋಗುಣಿಯನ್ನು ಕವುಚಿ ಹಾಕಿ
ಅದರ ಬೆನ್ನಿಗೆ ನಲ್ಲಿ ತಿರುಗಿಸಿದಳು, ಪೂರ್ತಿ,
ಸೀರೆಯ ಮೇಲೆಲ್ಲ ಸಿಡಿಯುವಷ್ಟು.
ಆಮೇಲೆ ನನ್ನ ಕಡೆ ತಿರುಗಿ
ತುಟಿ ಮುಂದೆ ಮಾಡಿದಳು.

ನೀರು ದಂಡವಾಗುತ್ತಿತ್ತು.
ಬೇಗ ಬೇಗ ಹೇಳಿ ಮುಗಿಸಿದೆ.